ಉಸಿರು ಮರಳಿದೆ, ಕಾಲು ಇನ್ನೂ ಮರಳಿಲ್ಲ

ಪ್ರಶ್ನೆ: ನನಗೆ 42 ವರ್ಷ. ಬಾಗಲಕೋಟೆಯ ನವನಗರದಲ್ಲಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷದ ಹಿಂದೆ 10 ಕಿ.ಮೀ. ಓಟವನ್ನು 59 ನಿಮಿಷದಲ್ಲಿ ಮುಗಿಸಿದ್ದೆ. ಕಳೆದ ವರ್ಷ ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂತು. ಕೀಲುನೋವು ಐದಾರು ತಿಂಗಳು ಬಿಡಲಿಲ್ಲ. ಒಟ್ಟು 14 ತಿಂಗಳು ಓಟ ನಿಂತಿತು. ಈಗ ಚಳಿಗಾಲ, ಬೆಳಿಗ್ಗೆ ಐದೂವರೆಗೆ ಕತ್ತಲು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ನಾಯಿ. ಹಾಗಾಗಿ ಮನೆಯ ಟ್ರೆಡ್‌ಮಿಲ್ ಮೇಲೆ ನವೆಂಬರಿನಿಂದ ಓಡುತ್ತಿದ್ದೇನೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಮಾತಾಡುತ್ತಾ ಓಡಬಲ್ಲೆ. ಆದರೆ ಮೊದಲಿನಂತೆ 10ರ ವೇಗದಲ್ಲಿ 20 ನಿಮಿಷ ಟೆಂಪೊ (ಒಂದೇ ಸಮನೆ ಜೋರಾದ ಓಟ) ಮಾಡಲು ಹೋದರೆ 11ನೇ ನಿಮಿಷಕ್ಕೇ ಹಿಡಿಕೆ ಹಿಡಿಯಬೇಕಾಯಿತು. ವಾಚಿನಲ್ಲಿ ಎದೆಬಡಿತ 178 ತೋರಿಸಿತು. 220ರಲ್ಲಿ ವಯಸ್ಸು ಕಳೆದರೆ ಅದೇ ನನ್ನ ಗರಿಷ್ಠ. ಹೆದರಿಕೆ ಆಯಿತು. ಈಗ ಎಡಗಾಲಿನ ಒಳಭಾಗದ ಮೂಳೆ ಬೆಳಿಗ್ಗೆ ನೋಯುತ್ತದೆ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ, ಅದರ ಮೇಲೇ ಓಡಿದರೆ ಹೋಗುತ್ತದೆ ಅಂತ ಗೆಳತಿ ಹೇಳುತ್ತಾಳೆ. ಟ್ರೆಡ್‌ಮಿಲ್‌ಗೆ ಶೇ. 1ರ ಏರು ಕೊಡದಿದ್ದರೆ ಅದು ಓಟವೇ ಅಲ್ಲ ಅಂತಲೂ ಹೇಳುತ್ತಾಳೆ. ಈ ವಯಸ್ಸಿನಲ್ಲಿ ಓಡಿದರೆ ಮೊಣಕಾಲು ಸವೆಯುತ್ತದೆ ಎನ್ನುವುದು ಅತ್ತೆಯವರ ಮಾತು. ಫೆಬ್ರವರಿ ಕೊನೆಗೆ 10 ಕಿ.ಮೀ. ಓಡುವ ಆಸೆ ಇದೆ. ಆಗುತ್ತದೆಯೇ?

ಉತ್ತರ: ಟೀಚರೇ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇವೆ. ಆದರೆ ಒಳಗಿನ ಚಿಂತೆ ಒಂದೇ: ನಾನು ಮೊದಲಿನ ಹಾಗೆ ಆಗುತ್ತೇನೋ ಇಲ್ಲವೋ. ಆಗುತ್ತೀರಿ. ತಪ್ಪಿರುವುದು ಶುರು ಮಾಡಿದ ಜಾಗ ಮಾತ್ರ. 14 ತಿಂಗಳ ಹಿಂದೆ ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದಲೇ ಮುಂದುವರಿಸಲು ಹೊರಟಿದ್ದೀರಿ.

ಮೊದಲು ಕಾಲು ನೋಡೋಣ. ಉಳಿದದ್ದೆಲ್ಲ ಒಂದು ವಾರ ಕಾದರೂ ನಡೆಯುತ್ತದೆ, ಇದು ಕಾಯುವುದಿಲ್ಲ. ಕುರ್ಚಿಯ ಮೇಲೆ ಕೂತು ಎಡಗಾಲನ್ನು ಬಲ ತೊಡೆಯ ಮೇಲೆ ಇಟ್ಟುಕೊಳ್ಳಿ. ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ನೋವು ನಾಲ್ಕು ಬೆರಳಗಲಕ್ಕೂ ಜಾಸ್ತಿ ಉದ್ದಕ್ಕೆ ಹರಡಿದೆಯಾ? ಓಡಲು ಶುರು ಮಾಡಿದಾಗ ಇದ್ದು, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆಯಾ? ಹಾಗಿದ್ದರೆ ಅದು ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್ಸ್. ಮೂಳೆಯ ಹೊರಪದರ ಮತ್ತು ಅದಕ್ಕೆ ಅಂಟಿದ ಸ್ನಾಯು ಕೆರಳಿರುತ್ತವೆ. ಭಾರ ಇಳಿಸಿದರೆ ಶಾಂತವಾಗುತ್ತದೆ. ಆದರೆ ನೋವು ಒಂದೇ ಬಿಂದುವಿನಲ್ಲಿದ್ದು, ಒತ್ತಿದರೆ ಜೀವ ಹೋದಂತಾಗುವುದು, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವುದು, ರಾತ್ರಿ ಮಲಗಿದಾಗಲೂ ಕಾಡುವುದು — ಇದರಲ್ಲಿ ಯಾವುದೇ ಇದ್ದರೂ ಓಟ ಇಂದೇ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಅದು ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಅದು ಎಕ್ಸ್‌ರೇಯಲ್ಲಿ ಕಾಣದೇ ಇರುವುದೇ ಹೆಚ್ಚು. 'ಎಕ್ಸ್‌ರೇ ನಾರ್ಮಲ್ ಇದೆ' ಅಂತ ಮರುದಿನವೇ ಓಡಿ ಬಿರುಕು ದೊಡ್ಡದು ಮಾಡಿಕೊಂಡವರನ್ನು ನೋಡಿದ್ದೇನೆ. ಅನುಮಾನ ಉಳಿದರೆ ಎಂಆರ್‌ಐ ಬೇಕಾಗುತ್ತದೆ.

ಬೆಳಗಾವಿಯಲ್ಲಿ ನನ್ನ ಕ್ಲಿನಿಕ್ಕಿಗೆ ಈ ನೋವು ತರುವವರಲ್ಲಿ ಸೇನಾ ಭರ್ತಿಗೆ ತಯಾರಾಗುವ ಹುಡುಗರೇ ಜಾಸ್ತಿ. 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ. ಭರ್ತಿಯ ತಾರೀಖು ಗೊತ್ತಾದ ಮೇಲೆ ಶುರು ಮಾಡುತ್ತಾರೆ. ಮೂರು ವಾರಕ್ಕೆ ಉಸಿರು ಬರುತ್ತದೆ, ಹುರುಪು ಏರುತ್ತದೆ. ನಾಲ್ಕನೇ ವಾರ ಕಾಲು ಹಿಡಿದುಕೊಂಡು ಬರುತ್ತಾರೆ. ಅವರಿಗೆ 19 ವರ್ಷ, ನಿಮಗೆ 42. ಕಥೆ ಮಾತ್ರ ಒಂದೇ.

ಯಾಕೆ ಹೀಗೆ? ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಮರಳುವುದಿಲ್ಲ. ಕಳೆದುಕೊಳ್ಳುವುದನ್ನೇ ಮೊದಲು ನೋಡಿ. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ 7 ಕ್ರೀಡಾಪಟುಗಳ ಅಭ್ಯಾಸ ನಿಲ್ಲಿಸಿ ಅಳೆದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಮೂರು ವಾರದಲ್ಲಿ ಶೇ. 7ರಷ್ಟು ಇಳಿಯಿತು, ಎಂಟು ವಾರದ ಹೊತ್ತಿಗೆ ಶೇ. 16ರಷ್ಟು. ಮೊದಲ ಇಳಿತಕ್ಕೆ ಮುಖ್ಯ ಕಾರಣ ರಕ್ತದ ನೀರಿನಂಶ ಕಡಿಮೆಯಾಗುವುದು. ಪ್ರತಿ ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾದರೆ, ಅದೇ ಕೆಲಸಕ್ಕೆ ಬಡಿತ ಜಾಸ್ತಿ ಬೇಕು. ಸಂತೋಷದ ಸಂಗತಿ ಏನೆಂದರೆ, ಮತ್ತೆ ಓಡಲು ಶುರು ಮಾಡಿದ ಒಂದೆರಡು ವಾರದಲ್ಲೇ ಈ ನೀರಿನಂಶ ಏರತೊಡಗುತ್ತದೆ. ಅದಕ್ಕೇ ನಿಮಗೆ 8ರ ವೇಗ ಇಷ್ಟು ಬೇಗ ಸಲೀಸಾದದ್ದು.

ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕೆಡವುತ್ತದೆ, ಆಮೇಲೆ ಹೊಸದು ಕಟ್ಟುತ್ತದೆ. ಕೆಡವಲು ಸುಮಾರು ಮೂರು ವಾರ, ಕಟ್ಟಲು ಸುಮಾರು ಮೂರು ತಿಂಗಳು. ಮನೆ ರಿಪೇರಿ ಮಾಡಿಸಿದವರಿಗೆ ಇದು ಗೊತ್ತಿರುತ್ತದೆ, ಗೋಡೆ ಒಡೆಯುವುದು ಒಂದು ದಿನದ ಕೆಲಸ. ಈ ನಡುವಿನ ದಿನಗಳಲ್ಲಿ ಮೂಳೆ ಮೊದಲಿಗಿಂತ ಸ್ವಲ್ಪ ಬಡಕಲಾಗಿರುತ್ತದೆ. ನೀವು ನವೆಂಬರಿನಲ್ಲಿ ಶುರು ಮಾಡಿದಿರಿ, ಈಗ ನೋವು ಬಂತು. ಸರಿಯಾಗಿ ಆ ನಡುವಿನ ಹೊತ್ತು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಕೂಡ ನಿಧಾನದ ಜಾತಿಯೇ. ಜನ ಅದನ್ನು ಹಿಮ್ಮಡಿ ನರ ಎನ್ನುತ್ತಾರೆ, ನರವಲ್ಲ.

ಲ್ಯಾಕ್ಟಿಕ್ ಆಸಿಡ್ ಮಾತನ್ನು ಗೆಳತಿಗೆ ವಾಪಸ್ ಕೊಟ್ಟುಬಿಡಿ. ಓಟದಲ್ಲಿ ಹುಟ್ಟುವ ಲ್ಯಾಕ್ಟೇಟನ್ನು ಹೃದಯ ಮತ್ತು ಸ್ನಾಯುಗಳು ಇಂಧನವಾಗಿ ಬಳಸುತ್ತವೆ. ಓಟ ಮುಗಿದ ಒಂದು ಗಂಟೆಯೊಳಗೆ ರಕ್ತದಲ್ಲಿ ಅದು ಮಾಮೂಲಿ ಮಟ್ಟಕ್ಕೆ ಬಂದಿರುತ್ತದೆ. ಮರುದಿನ ಬೆಳಿಗ್ಗೆ ನೋಯಿಸಲು ಅದು ಅಲ್ಲಿ ಇರುವುದೇ ಇಲ್ಲ. ಮಾಂಸಖಂಡದ ನೋವಾದರೆ ಸಣ್ಣ ಸಣ್ಣ ಗಾಯದ್ದು, ಅದು ಎರಡು ಮೂರು ದಿನದಲ್ಲಿ ಹೋಗುತ್ತದೆ. ಮೂಳೆಯ ನೋವಿನ ಮೇಲೆ ಓಡಿದರೆ ಅದು ಹೋಗುವುದಿಲ್ಲ, ಕೂರುತ್ತದೆ.

ಇನ್ನು 178. ಈ ಅಂಕಿ ನಿಮ್ಮನ್ನು ಹೆದರಿಸಿದೆ. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಒಂದು ಸರಾಸರಿ ಅಷ್ಟೇ. ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ನಿಮ್ಮ ನಿಜವಾದ ಗರಿಷ್ಠ 188 ಇರಬಹುದು, 168 ಕೂಡ ಇರಬಹುದು. ಜೊತೆಗೆ ಕೈಗಡಿಯಾರದ ಒಂದು ಚೇಷ್ಟೆ ಇದೆ. ಅದು ಚರ್ಮದ ಕೆಳಗಿನ ರಕ್ತವನ್ನು ಬೆಳಕಿನಿಂದ ಓದುತ್ತದೆ. ಪಟ್ಟಿ ಸಡಿಲವಿದ್ದರೆ ಕೆಲವೊಮ್ಮೆ ಎದೆಬಡಿತ ಬಿಟ್ಟು ನಿಮ್ಮ ಹೆಜ್ಜೆಯನ್ನೇ ಎಣಿಸುತ್ತದೆ. ಓಡುವವರ ಹೆಜ್ಜೆ ನಿಮಿಷಕ್ಕೆ 160ರಿಂದ 180. ಗೊತ್ತಾಯಿತಲ್ಲ? ಮುಂದಿನ ಸಲ ಯಂತ್ರ ನಿಲ್ಲಿಸಿದ ಕೂಡಲೇ ಕುತ್ತಿಗೆಯ ಪಕ್ಕ ಬೆರಳಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ.

ಹಾಗಂತ ಎದೆಯ ವಿಷಯದಲ್ಲಿ ಉಡಾಫೆ ಬೇಡ. ಓಡುವಾಗ ಎದೆ ಬಿಗಿಯುವುದು, ನೋವು ದವಡೆಗೋ ತೋಳಿಗೋ ಹರಿಯುವುದು, ಕಣ್ಣು ಕತ್ತಲೆ ಬರುವುದು ಇದ್ದರೆ ಆ ದಿನವೇ ಡಾಕ್ಟರ್. ಸಕ್ಕರೆ ಕಾಯಿಲೆ, ಬಿಪಿ, ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆದವರಿದ್ದರೆ ಟೆಂಪೊ ಶುರು ಮಾಡುವ ಮೊದಲೇ ಒಮ್ಮೆ ತೋರಿಸಿ. ಟಿಎಂಟಿ, ಅಂದರೆ ಯಂತ್ರದ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ, ಬೇಕೋ ಬೇಡವೋ ಅವರು ಹೇಳಲಿ. ಹಾಗೇ, ಚಿಕೂನ್‌ಗುನ್ಯಾದ ಕೀಲುನೋವು ಕೆಲವರಲ್ಲಿ ವರ್ಷ ಕಳೆದರೂ ಉಳಿಯುತ್ತದೆ. ಬೆಳಿಗ್ಗೆ ಎದ್ದಾಗ ಪಾದ, ಹರಡು ಅರ್ಧ ಗಂಟೆಗೂ ಜಾಸ್ತಿ ಬಿಗಿದಿದ್ದರೆ, ಊದಿದ್ದರೆ, ಅದು ಆರುವವರೆಗೆ ವೇಗದ ಓಟ ಬೇಡ.

ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿ: ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ). ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಆಗ ಎಷ್ಟೇ ಟೆಂಪೊ ಮಾಡಿದರೂ ಉಸಿರು ಕೂಡುವುದಿಲ್ಲ. ನಮ್ಮ ಕಡೆಯ ಚಳಿಗಾಲದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಒಳ್ಳೆಯದು, ಕಬ್ಬಿಣದ ಅಂಶ ಜೋಳಕ್ಕಿಂತ ಸಜ್ಜೆಯಲ್ಲಿ ಜಾಸ್ತಿ. ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ. ಆದರೆ ಊಟದ ಬೆನ್ನಿಗೇ ಚಹಾ ಕುಡಿದರೆ ಆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಅಂತರ ಇಡಿ. ಚಹಾ ಬಿಡಿ ಅನ್ನುವ ಧೈರ್ಯ ನನಗಿಲ್ಲ.

ಈಗ ಯಂತ್ರಕ್ಕೆ ಬರೋಣ. 1ರ ಏರಿನ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದರ ಹಿಂದೆ ನಿಜವಾದ ಅಧ್ಯಯನ ಇದೆ. 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಎಂಬ ಇಬ್ಬರು, ಹೊರಗೆ ಓಡುವಾಗ ಎದುರಾಗುವ ಗಾಳಿಯ ತಡೆಗೆ ಸಮನಾಗಲು ಟ್ರೆಡ್‌ಮಿಲ್‌ಗೆ ಶೇ. 1ರ ಏರು ಸಾಕು ಅಂತ ತೋರಿಸಿದರು. ಆದರೆ ಅವರು ಪರೀಕ್ಷಿಸಿದ್ದು ಗಂಟೆಗೆ ಸುಮಾರು 10.5ರಿಂದ 18 ಕಿ.ಮೀ. ವೇಗದ ಓಟಗಾರರನ್ನು. ನೀವು ಓಡುವುದು 8, 9ರಲ್ಲಿ. ಆ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ. ಸೊನ್ನೆಯಲ್ಲೇ ಇಡಿ. ಟ್ರೆಡ್‌ಮಿಲ್ ಮೇಲೆ ಉದ್ದ ಮೂಳೆಗೆ ಬೀಳುವ ಹೊಡೆತ ರಸ್ತೆಗಿಂತ ಸ್ವಲ್ಪ ಕಡಿಮೆ, ಮೀನಖಂಡ ಮತ್ತು ಹಿಮ್ಮಡಿ ರಜ್ಜುವಿಗೆ ಸ್ವಲ್ಪ ಜಾಸ್ತಿ. ಏರು ಕೊಟ್ಟರೆ ಆ ರಜ್ಜುವಿನ ಮೇಲೆ ಇನ್ನಷ್ಟು ಭಾರ. ಒಂದು ನೋವು ವಾಸಿ ಮಾಡಲು ಹೋಗಿ ಇನ್ನೊಂದನ್ನು ಕರೆದಂತಾಗುತ್ತದೆ.

ಟ್ರೆಡ್‌ಮಿಲ್‌ನ ನಿಜವಾದ ಅಪಾಯ ಬೇರೆ ಇದೆ. ರಸ್ತೆಯಲ್ಲಿ ದಣಿದಾಗ ನಮಗೇ ತಿಳಿಯದಂತೆ ಹೆಜ್ಜೆ ನಿಧಾನವಾಗುತ್ತದೆ. ಬೆಲ್ಟಿಗೆ ಆ ಕರುಣೆ ಇಲ್ಲ. ನೀವು 10 ಅಂತ ಒತ್ತಿದರೆ ಅದು ಕೊನೆಯವರೆಗೂ 10. ಮೇಲಾಗಿ ಕೋಣೆಯೊಳಗೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ, ಮೈ ಕಾಯುತ್ತದೆ, ಅದೇ ವೇಗಕ್ಕೆ ಬಡಿತ ಏರುತ್ತಾ ಹೋಗುತ್ತದೆ. ಚಳಿ ಅಂತ ಕಿಟಕಿ ಮುಚ್ಚಿ ಓಡುವವರು ಇದನ್ನು ಮರೆಯುತ್ತಾರೆ. ಬಾಗಲಕೋಟೆಯ ಚಳಿ ಎಷ್ಟು ಹೊತ್ತಿನದು ಹೇಳಿ? ಕಿಟಕಿ ತೆರೆಯಿರಿ, ಎದುರಿಗೆ ಒಂದು ಟೇಬಲ್ ಫ್ಯಾನ್ ಇಡಿ. ನಿಮ್ಮ 178ರಲ್ಲಿ ಫ್ಯಾನಿಲ್ಲದ ಕೋಣೆಯ ಪಾಲೂ ಇರಬಹುದು. ಹಿಡಿಕೆ ಹಿಡಿದು ಓಡುವುದು ಮಾತ್ರ ಬೇಡ. ಮೈಭಾರ ಕೈಗೆ ಹೋಗುತ್ತದೆ, ನಡಿಗೆ ವಕ್ರವಾಗುತ್ತದೆ, ಯಂತ್ರ ಸುಳ್ಳು ಅಂಕ ಕೊಡುತ್ತದೆ. ಹಿಡಿಯಬೇಕು ಅನ್ನಿಸಿದರೆ ವೇಗ ಇಳಿಸಿ. ಕೆಂಪು ದಾರದ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಅದು ಅಲಂಕಾರಕ್ಕೆ ಕೊಟ್ಟದ್ದಲ್ಲ, ಬಿದ್ದರೆ ಯಂತ್ರ ನಿಲ್ಲಿಸಲು ಕೊಟ್ಟದ್ದು.

ಯಂತ್ರ ಹೇಳುವ ವೇಗ ನಿಜವೋ ಅಂತಲೂ ನೋಡಿ. ಗಣಿತದ ಟೀಚರಿಗೆ ಇದು ಇಷ್ಟವಾದೀತು. ಬೆಲ್ಟಿನ ಪೂರ್ತಿ ಸುತ್ತಳತೆ ಅಳೆಯಿರಿ. ಅಂಚಿಗೆ ಬಿಳಿ ಟೇಪಿನ ತುಂಡು ಅಂಟಿಸಿ. ನೀವು ಓಡುತ್ತಿರುವಾಗ ಮನೆಯವರು ಯಾರಾದರೂ 20 ಸುತ್ತಿಗೆ ಎಷ್ಟು ಸೆಕೆಂಡ್ ಅಂತ ನೋಡಲಿ. ಬೆಲ್ಟು 3 ಮೀಟರ್ ಇದ್ದರೆ 20 ಸುತ್ತಿಗೆ 60 ಮೀಟರ್. ಅದಕ್ಕೆ 24 ಸೆಕೆಂಡ್ ಹಿಡಿದರೆ ಗಂಟೆಗೆ 9 ಕಿ.ಮೀ. ಮನೆಯ ಯಂತ್ರಗಳಲ್ಲಿ ವ್ಯತ್ಯಾಸ ಸಿಕ್ಕರೆ ಆಶ್ಚರ್ಯಪಡಬೇಡಿ.

ಟೆಂಪೊ ಅಂದರೆ ಏನು ಅನ್ನುವುದರಲ್ಲೇ ನಿಮಗೆ ಸ್ವಲ್ಪ ಗೊಂದಲ ಇದೆ ಅನ್ನಿಸಿತು. ಅದು 10 ಎಂಬ ಅಂಕಿಯ ಹೆಸರಲ್ಲ, ಒಂದು ದಣಿವಿನ ಹೆಸರು. ಸ್ಪರ್ಧೆಯ ದಿನ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ವೇಗ. ರಕ್ತದಲ್ಲಿ ಲ್ಯಾಕ್ಟೇಟ್ ಹುಟ್ಟುವುದೂ ಬಳಕೆಯಾಗುವುದೂ ಸರಿತೂಗುವ ಅಂಚು ಅದು. ಎರಡು ವರ್ಷದ ಹಿಂದೆ ನಿಮ್ಮ ಒಂದು ಗಂಟೆಯ ವೇಗ 10 ಇತ್ತು. ಇವತ್ತು ಅದು 9ರ ಆಸುಪಾಸು ಇರಬೇಕು. ಇವತ್ತು 9ರಲ್ಲಿ ಓಡಿದರೆ ಸಿಗುವ ಲಾಭ ಅಂದು 10ರಲ್ಲಿ ಸಿಕ್ಕ ಲಾಭವೇ. 10ರಲ್ಲಿ ಓಡಿದರೆ ಅದು ಟೆಂಪೊ ಅಲ್ಲ, ಪರೀಕ್ಷೆ. ವಾರವಾರ ಪರೀಕ್ಷೆ ಇಟ್ಟರೆ ಮಕ್ಕಳು ಕಲಿಯುವುದು ಯಾವಾಗ?

ನಾನು ಕ್ಲಿನಿಕ್ಕಿನಲ್ಲಿ ಮಗ್ಗಿ ಹೇಳಿಸುತ್ತೇನೆ. ಏಳರ ಮಗ್ಗಿ. ಸಲೀಸಾಗಿ ಐದಾರು ಸಾಲು ಒಂದೇ ಸಮನೆ ಹೇಳಲು ಬಂದರೆ ಅದು ಹಗುರ ಓಟ. 'ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು' ಅಂತ ಒಂದೆರಡು ಸಾಲಿಗೆ ಉಸಿರು ತೆಗೆದುಕೊಳ್ಳಬೇಕಾದರೆ ಅದೇ ಟೆಂಪೊ. 'ಏಳೆರಡ್ಲೆ...' ಅಂತ ಸಾಲಿನ ನಡುವೆಯೇ ಉಸಿರು ಕಡಿದರೆ ಜಾಸ್ತಿಯಾಯಿತು, 0.3ರಷ್ಟು ಇಳಿಸಿ. ವಾಚಿಗಿಂತ ಇದರ ಮೇಲೆ ನನಗೆ ನಂಬಿಕೆ ಹೆಚ್ಚು.

ಕಾಲಿನ ನೋವು ಹರಡಿದ ಜಾತಿಯದು, ನಡೆಯುವಾಗ ಇಲ್ಲ ಅಂತಾದರೆ ಹೀಗೆ ಮಾಡಿ. ಮೊದಲ ಎರಡು ವಾರ ಟೆಂಪೊ ಇಲ್ಲವೇ ಇಲ್ಲ. ದಿನ ಬಿಟ್ಟು ದಿನ ಅರ್ಧ ಗಂಟೆ, ಮೂರು ನಿಮಿಷ ನಡಿಗೆ, ಮೂರು ನಿಮಿಷ 7.5ರ ಓಟ. ನಡುವಿನ ದಿನ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು, 15ರಂತೆ ಮೂರು ಸಲ. ಇದು ಬೇಜಾರಿನ ಕೆಲಸ, ಆದರೂ ಬಿಡಬೇಡಿ. ಮೂರನೇ ವಾರದಿಂದ ವಾರಕ್ಕೆ ಒಂದೇ ಒಂದು ದಿನ ಟೆಂಪೊ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, 9ರ ಆಸುಪಾಸಿನಲ್ಲಿ 4 ನಿಮಿಷದ ನಾಲ್ಕು ಓಟ, ನಡುವೆ ಒಂದೊಂದು ನಿಮಿಷ ನಡಿಗೆ. ಎರಡು ವಾರ ಹೀಗೆ. ಆಮೇಲಿನ ಎರಡು ವಾರ 6 ನಿಮಿಷದ ಮೂರು. ಅದಾದ ಮೇಲೆ 10 ನಿಮಿಷದ ಎರಡು, ನಡುವೆ ಎರಡು ನಿಮಿಷ ನಡಿಗೆ. ಕೊನೆಯ ಎರಡು ವಾರ 20 ನಿಮಿಷ ಒಂದೇ ಸಮನೆ. ಕೂಡಿಸಿ ನೋಡಿ: 16, 18, 20, 20. ಒಟ್ಟು ಓಟ ಹೆಚ್ಚೇನೂ ಬೆಳೆಯುವುದಿಲ್ಲ, ವಿಶ್ರಾಂತಿ ಮಾತ್ರ ಕರಗುತ್ತದೆ. ತುಂಡು ಮಾಡಿ ಓಡುವ ಈ ಕ್ರಮವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಕೋಚ್ ಜಾಕ್ ಡೇನಿಯಲ್ಸ್. ಉಸಿರಿಗೆ ಲಾಭ ಹೆಚ್ಚುಕಡಿಮೆ ಅಷ್ಟೇ, ಕಾಲಿಗೆ ಪೆಟ್ಟು ಕಡಿಮೆ.

ನಡುವೆ ಒಂದು ದಿನ 'ಇದು ತೀರಾ ಸುಲಭ' ಅನ್ನಿಸುತ್ತದೆ. ಸಾಮಾನ್ಯವಾಗಿ ಐದನೇ ವಾರ. ಆ ದಿನವೇ ಕೈ ಬಟನ್ ಮೇಲೆ ಹೋಗುವುದು. ಸುಮ್ನೆ ಇರಿ. ಹೊಸ ಹಂತಕ್ಕೆ ಹೋದಾಗ ಮಗ್ಗಿ ಸಲೀಸಾಗಿದ್ದರೆ 0.2 ಏರಿಸಬಹುದು, ಅದಕ್ಕಿಂತ ಜಾಸ್ತಿ ಬೇಡ. ವಾರಕ್ಕೆ ಶೇ. 10 ಏರಿಸಿದರೆ ಪೆಟ್ಟಾಗುವುದಿಲ್ಲ ಎನ್ನುವ ಸೂತ್ರವನ್ನೂ ಕೇಳಿರುತ್ತೀರಿ. ನೆದರ್ಲೆಂಡ್ಸಿನಲ್ಲಿ ಹೊಸ ಓಟಗಾರರ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಸೂತ್ರ ಪಾಲಿಸಿದವರಲ್ಲೂ ಪಾಲಿಸದವರಲ್ಲೂ ಐವರಲ್ಲಿ ಒಬ್ಬರಿಗೆ ಪೆಟ್ಟಾಗಿತ್ತು. ಶೇಕಡಾ ಲೆಕ್ಕಕ್ಕಿಂತ ಬೆಳಗಿನ ಹೆಬ್ಬೆರಳ ಪರೀಕ್ಷೆ ನಂಬಿ. ನಿನ್ನೆಗಿಂತ ಇಂದು ಜಾಸ್ತಿ ನೋವಿದ್ದರೆ ಆ ದಿನ ಸೈಕಲ್.

ಫೆಬ್ರವರಿಯ 10 ಕಿ.ಮೀ.ಗೆ ಮೂರು ದಾರಿ ಇವೆ. ಪೂರ್ತಿ ಟ್ರೆಡ್‌ಮಿಲ್ ಮೇಲೇ ತಯಾರಾಗಿ ನೇರ ರಸ್ತೆಗೆ ಇಳಿಯುವುದು ಒಂದು. ಉಸಿರಿಗೆ ಸಾಕಾಗುತ್ತದೆ, ಆದರೆ ರಸ್ತೆಯ ಗಟ್ಟಿತನ, ತಿರುವು, ಇಳಿಜಾರಿಗೆ ಕಾಲು ಒಗ್ಗಿರುವುದಿಲ್ಲ. ಇಷ್ಟು ನೋವಿನ ಮೇಲೆ ಈ ದಾರಿ ನಾನು ಒಪ್ಪುವುದಿಲ್ಲ. ಎಲ್ಲ ಬಿಟ್ಟು ಈಗಲೇ ರಸ್ತೆಗೆ ಹೋಗುವುದು ಇನ್ನೊಂದು. ಅದಕ್ಕೆ ನೀವೇ ಕಾರಣ ಬರೆದಿದ್ದೀರಿ. ಕತ್ತಲಲ್ಲಿ ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಕೆಂಪು ದೀಪ ಇರುತ್ತದೆ ಅಂತ ನಂಬಿ ಓಡಲಾಗದು. ಮೂರನೆಯದು ಎರಡೂ ಸೇರಿಸಿದ್ದು. ವಾರದ ದಿನ ಯಂತ್ರ. ಐದನೇ ವಾರದಿಂದ ಭಾನುವಾರ ಮಾತ್ರ ಏಳು ಗಂಟೆಗೆ, ಬೆಳಕು ಬಿದ್ದ ಮೇಲೆ, ನವನಗರದ ಸೆಕ್ಟರಿನೊಳಗಿನ ರಸ್ತೆಗಳಲ್ಲಿ 20 ನಿಮಿಷ ಹಗುರ ಓಟ. ವಾರಕ್ಕೆ ಐದು ನಿಮಿಷ ಸೇರಿಸುತ್ತಾ ಹೋಗಿ. ವಾಚ್ ನೋಡಬೇಡಿ, ರಸ್ತೆಯ ಓಟ ಮೊದಮೊದಲು ನಿಧಾನವೇ ಇರುತ್ತದೆ.

ಹೀಗೆ ಹೋದರೆ ಫೆಬ್ರವರಿ ಕೊನೆಗೆ 10 ಕಿ.ಮೀ. ಮುಗಿಸಬಲ್ಲಿರಿ, ನಡುನಡುವೆ ಒಂದೊಂದು ನಿಮಿಷ ನಡೆಯುತ್ತಾ. ಸಮಯ 75 ನಿಮಿಷ ಆಗಬಹುದು. 59ರ ಆಸೆಯನ್ನು ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಮಾರ್ಚ್ ಬಂದರೆ ನಿಮ್ಮೂರಿನ ಬಿಸಿಲೇ ವೇಗ ಇಳಿಸುತ್ತದೆ. ಮೊದಲ ಎರಡು ವಾರ ಹಗುರವಾಗಿ ಕಳೆದ ಮೇಲೂ ಕಾಲು ನೋಯುತ್ತಿದ್ದರೆ ಫೆಬ್ರವರಿ ಬಿಟ್ಟುಬಿಡಿ.

ಉಳಿದದ್ದು ಅತ್ತೆಯವರ ಮಾತು. ಅವರೊಬ್ಬರೇ ಅಲ್ಲ, ಊರೆಲ್ಲ ಹಾಗೇ ಹೇಳುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ, ಮೊಣಕಾಲಿನ ಸವೆತ ಶೇ. 3.5ರಷ್ಟು ಮಂದಿಗಿತ್ತು. ಓಡದೇ ಕೂತವರಲ್ಲಿ ಶೇ. 10.2. ಸ್ಪರ್ಧೆಗಾಗಿಯೇ ವರ್ಷಗಟ್ಟಲೆ ಓಡಿದವರಲ್ಲಿ ಮಾತ್ರ ಶೇ. 13.3. ಓಡಿದ್ದರಿಂದಲೇ ಮೊಣಕಾಲು ಉಳಿಯಿತು ಅಂತ ಇದರ ಅರ್ಥವಲ್ಲ, ಮೊಣಕಾಲು ಗಟ್ಟಿ ಇರುವವರೇ ಓಟಕ್ಕೆ ಬರುತ್ತಾರೆ ಅಂತಲೂ ಇರಬಹುದು. ಆದರೆ ನಿಮ್ಮಷ್ಟು ಓಡುವವರಿಗೆ ಹೆದರುವ ಕಾರಣ ಅದರಲ್ಲಿಲ್ಲ. ಇದನ್ನು ಓದಿ ಹೇಳಿದರೆ ಅತ್ತೆಯವರು ಒಪ್ಪುತ್ತಾರೆ ಅಂತ ನನಗೇನೂ ಅನ್ನಿಸುವುದಿಲ್ಲ. ಒಮ್ಮೆ ಅವರನ್ನೇ ಯಂತ್ರದ ಮೇಲೆ ನಿಲ್ಲಿಸಿ, 2ರ ವೇಗದಲ್ಲಿ ಐದು ನಿಮಿಷ ನಡೆಸಿ, ನೀವು ಪಕ್ಕದಲ್ಲೇ ನಿಂತಿರಿ. ಅವರು ಹಿಡಿಕೆ ಹಿಡಿದುಕೊಳ್ಳಬಹುದು.